ರಣಹದ್ದುಗಳ ಲೆಕ್ಕ ಇಡುವುದು ಹೇಗೆ? ಗೂಡಿನಿಂದ ಸಾವಿನವರೆಗೆ ಒಂದು ಸಮಗ್ರ ಮಾರ್ಗದರ್ಶಿ

ರಣಹದ್ದು, ಅಮೆರಿಕ ಖಂಡಗಳಲ್ಲಿ ಅದರಂತೆಯೇ ಶವ ತಿಂದು ಬದುಕುವ ಕಾಂಡೋರ್‌ಗಳು ನಿಧಾನದ ಹಕ್ಕಿಗಳು. ಐದಾರು ವರ್ಷ ತುಂಬುವವರೆಗೆ ಇವು ಗೂಡಿನ ಗೋಜಿಗೇ ಹೋಗುವುದಿಲ್ಲ. ಆಮೇಲೂ ಹೆಚ್ಚಿನ ಜಾತಿಗಳು ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತವೆ. ಕ್ಯಾಲಿಫೋರ್ನಿಯಾ ಕಾಂಡೋರ್ ಅಂತೂ ಮರಿ ಬೆಳೆಸಿದ ಮರುವರ್ಷ ಸಾಮಾನ್ಯವಾಗಿ ಮೊಟ್ಟೆಯನ್ನೇ ಇಡುವುದಿಲ್ಲ. ಇಷ್ಟು ಕಡಿಮೆ ಮರಿಗಳಿದ್ದೂ ಸಂತತಿ ಉಳಿಯುವುದು ಹೇಗೆ? ಬೆಳೆದ ಹಕ್ಕಿಗಳು ಬಹಳ ಕಾಲ ಬದುಕುತ್ತವೆ, ಅದಕ್ಕೆ. ಆರೋಗ್ಯವಾಗಿರುವ ಗುಂಪಿನಲ್ಲಿ ವರ್ಷಕ್ಕೆ ನೂರಕ್ಕೆ ಐದರಷ್ಟು ಮಾತ್ರ ಸಾಯುತ್ತವೆ.

ಇಲ್ಲೇ ಎಣಿಸುವವರು ಮೋಸ ಹೋಗುವುದು. ಒಂದು ಚಿಕ್ಕ ಲೆಕ್ಕ ನೋಡಿ. ಒಂದು ಕಡೆ 100 ಬೆಳೆದ ಹಕ್ಕಿಗಳಿವೆ. ಒಂದು ಮರಿಯೂ ಉಳಿಯುತ್ತಿಲ್ಲ, ವರ್ಷಕ್ಕೆ ನೂರಕ್ಕೆ ಐದು ಸಾಯುತ್ತಿವೆ ಅಂದುಕೊಳ್ಳಿ. ಹತ್ತು ವರ್ಷದ ನಂತರವೂ ಸುಮಾರು 60 ಹಕ್ಕಿಗಳು ಇದ್ದೇ ಇರುತ್ತವೆ. ದೂರದಿಂದ ನೋಡಿದವರಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಒಳಗೆ ಗೆದ್ದಲು ಹಿಡಿದ ತೊಲೆ ಹೊರಗಿನಿಂದ ಗಟ್ಟಿಯಾಗಿ ಕಂಡ ಹಾಗೆ. ಈಗ ಸಾವು ನೂರಕ್ಕೆ ಹದಿನೈದಕ್ಕೆ ಏರಿದರೆ? ಆ ಹಳೆಯ 100ರಲ್ಲಿ ಹತ್ತು ವರ್ಷಕ್ಕೆ ಉಳಿಯುವುದು 20. ಅಷ್ಟು ನಷ್ಟವನ್ನು ವರ್ಷಕ್ಕೊಂದು ಮೊಟ್ಟೆಯಿಂದ ತುಂಬಿಸುವುದು ಆಗದ ಮಾತು.

ಆದ್ದರಿಂದ ಬರೀ ತಲೆ ಎಣಿಸಿದರೆ ಸಾಲದು. ಎಷ್ಟು ಹಕ್ಕಿಗಳಿವೆ, ಎಷ್ಟು ಮರಿಗಳು ಹಾರುತ್ತಿವೆ, ಎಷ್ಟು ದೊಡ್ಡವು ಸಾಯುತ್ತಿವೆ: ಈ ಮೂರೂ ಗೊತ್ತಾಗಬೇಕು. ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ.

ಹೆಜ್ಜೆ 1: ಅನುಮತಿ, ಜಾಗ

ಗೂಡುಗಳ ಹತ್ತಿರ ಹೋಗುವುದಕ್ಕೆ, ಹಕ್ಕಿ ಹಿಡಿಯುವುದಕ್ಕೆ, ಸತ್ತ ಹಕ್ಕಿಯನ್ನು ಮುಟ್ಟುವುದಕ್ಕೂ ಎಲ್ಲ ಕಡೆ ಕಾನೂನಿನ ಕಟ್ಟುಪಾಡುಗಳಿವೆ. ಅನುಮತಿ ಕೈಗೆ ಬಂದ ಮೇಲೆಯೇ ಮುಂದಿನ ಮಾತು.

ಆಮೇಲೆ ನಕ್ಷೆಯಲ್ಲಿ ನಿಮ್ಮ ಗಡಿ ಹಾಕಿ. ಈ ಹಕ್ಕಿಗಳು ಒಂದೇ ದಿನದಲ್ಲಿ ನೂರು ಕಿಲೋಮೀಟರ್ ದಾಟಬಲ್ಲವು. ಹಾಗಾಗಿ ನಿಮ್ಮ ಗಡಿಯೊಳಗೆ ಕಂಡ ಹಕ್ಕಿ ನಿಮ್ಮದೇ ಆಗಿರಬೇಕಿಲ್ಲ. ಗೂಡು ಮಾತ್ರ ಎಲ್ಲಿಗೂ ಹೋಗುವುದಿಲ್ಲ ಅಲ್ವಾ? ಯಾವುದೇ ಯೋಜನೆಯನ್ನು ಗೂಡುಗಳಿಂದಲೇ ಶುರು ಮಾಡಿ ಎನ್ನುವುದು ನನ್ನ ಸಲಹೆ.

ಹೆಜ್ಜೆ 2: ಜಾತಿ ಮತ್ತು ವಯಸ್ಸು ಗುರುತಿಸಲು ಕಲಿಯಿರಿ

ಜಾತಿ ಗುರುತಿಸುವುದನ್ನು ಒಳ್ಳೆಯ ಕೈಪಿಡಿ ನೋಡಿ ಕಲಿಯಬಹುದು. ವಯಸ್ಸಿಗೆ ಅಭ್ಯಾಸ ಬೇಕು. ಕ್ಯಾಲಿಫೋರ್ನಿಯಾ ಕಾಂಡೋರ್‌ನ ತಲೆ ಎಳೆಯದರಲ್ಲಿ ಕಪ್ಪು. ಸುಮಾರು ಆರು ವರ್ಷಕ್ಕೆ ಅದು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತದೆ. ಗಡ್ಡದ ರಣಹದ್ದಿನ ಮರಿ ಕಪ್ಪು ಕಪ್ಪಾಗಿರುತ್ತದೆ, ಬೆಳೆದದ್ದರ ಎದೆ ಕೆಂಗಂದು. ಆಂಡೀಸ್ ಕಾಂಡೋರ್‌ನಲ್ಲಿ ಗಂಡಿಗೆ ತಲೆಯ ಮೇಲೆ ಜುಟ್ಟಿನಂಥ ಮಾಂಸದ ಉಬ್ಬು ಇದೆ, ಹೆಣ್ಣಿಗೆ ಇಲ್ಲ. ಹಾಗಾಗಿ ದೂರದಿಂದಲೇ ಗಂಡು ಹೆಣ್ಣು ಹೇಳಬಹುದು. ಬೇರೆ ಹೆಚ್ಚಿನ ಜಾತಿಗಳಲ್ಲಿ ಈ ಅನುಕೂಲ ಇಲ್ಲ.

ವಯಸ್ಸನ್ನು ಮೂರೇ ಗುಂಪುಗಳಲ್ಲಿ ಬರೆಯಿರಿ: ಆ ವರ್ಷದ ಮರಿ, ಎಳೆಯದು, ಬೆಳೆದದ್ದು. ಖಚಿತವಾಗದಿದ್ದರೆ ‘ಗೊತ್ತಾಗಲಿಲ್ಲ’ ಎಂದೇ ಬರೆಯಿರಿ. ಊಹೆಯಿಂದ ತುಂಬಿಸಿದ ಕಾಲಂ ಖಾಲಿ ಕಾಲಂಗಿಂತ ಕೆಟ್ಟದ್ದು. ವರ್ಷಗಳು ಕಳೆದಂತೆ ಎಳೆಯವುಗಳ ಪಾಲು ಕುಗ್ಗುತ್ತಾ ಹೋದರೆ ಅದೇ ಮೊದಲ ಎಚ್ಚರಿಕೆ. ಒಟ್ಟು ಸಂಖ್ಯೆ ಇಳಿಯುವ ಮೊದಲೇ ಅದು ಕಾಣಿಸುತ್ತದೆ.

ಹೆಜ್ಜೆ 3: ಗೂಡುಗಳ ಗಣತಿ

ಇಡೀ ಕೆಲಸದ ಬೆನ್ನೆಲುಬು ಇದು. ಬಂಡೆಯಲ್ಲಿ ಗೂಡು ಮಾಡುವ ಜಾತಿಗಳಿಗೆ ಮೊದಲು ನೋಡುವ ಜಾಗ ಆರಿಸಿಕೊಳ್ಳಿ. ಬಂಡೆಯಿಂದ ಅರ್ಧ ಕಿಲೋಮೀಟರ್ ದೂರದಲ್ಲಿ, ಗೂಡುಗಳ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರುವ ಜಾಗ ಒಳ್ಳೆಯದು. ಮೇಲಿನಿಂದ ಮನುಷ್ಯರ ತಲೆ ಕಂಡರೆ ಹಕ್ಕಿಗಳು ಬೇಗ ಬೆದರುತ್ತವೆ. ಅವು ಗಾಬರಿಯಿಂದ ಎದ್ದರೆ ಬಿಸಿಲಿಗೆ, ಕಾಗೆಗಳಿಗೆ ಮೊಟ್ಟೆ ತೆರೆದುಕೊಳ್ಳುತ್ತದೆ. 20ರಿಂದ 60 ಪಟ್ಟು ಹತ್ತಿರ ತೋರಿಸುವ ಸ್ಪಾಟಿಂಗ್ ಸ್ಕೋಪ್ ಮತ್ತು ಅಲುಗಾಡದ ಟ್ರೈಪಾಡ್ ಇದ್ದರೆ ಹತ್ತಿರ ಹೋಗುವ ಅಗತ್ಯವೇ ಬರುವುದಿಲ್ಲ.

ಮೊದಲ ದಿನವೇ ಇಡೀ ಬಂಡೆಯ ಫೋಟೋ ತೆಗೆದು ದೊಡ್ಡದಾಗಿ ಮುದ್ರಿಸಿ. ಕಂಡ ಒಂದೊಂದು ಗೂಡಿಗೂ ಅದರ ಮೇಲೆ ಒಂದು ಸಂಖ್ಯೆ ಕೊಡಿ. ಆ ಸಂಖ್ಯೆ ಶಾಶ್ವತ. ಗೂಡು ಬಿದ್ದುಹೋದರೂ ಅದನ್ನು ಬೇರೆ ಗೂಡಿಗೆ ಕೊಡಬೇಡಿ. ಇಪ್ಪತ್ತು ವರ್ಷದ ನಂತರ ಬರುವವರು ಇದೇ ಫೋಟೋ ಹಿಡಿದು ನಿಲ್ಲಬೇಕು. ಮರದ ಗೂಡುಗಳಿಗೆ ಜಿಪಿಎಸ್ ಗುರುತಿನ ಜೊತೆ ಮರದ ಜಾತಿ, ಎತ್ತರ, ದಿಕ್ಕು ಬರೆದಿಡಿ.

ಒಂದು ಹಂಗಾಮಿನಲ್ಲಿ ಕನಿಷ್ಠ ಮೂರು ಭೇಟಿ ಬೇಕು. ಮೊದಲನೆಯದು ಮೊಟ್ಟೆಗೆ ಕಾವು ಕೂರುವ ಸಮಯದಲ್ಲಿ. ಎರಡನೆಯದು ಮರಿ ಚಿಕ್ಕದಿರುವಾಗ. ಕೊನೆಯದು ಮರಿ ಹಾರುವುದಕ್ಕೆ ಸ್ವಲ್ಪ ಮುಂಚೆ. ಗ್ರಿಫನ್ ರಣಹದ್ದಿಗೆ ಕಾವಿನ ಕಾಲ ಸುಮಾರು 55 ದಿನ, ಆಮೇಲೆ ಮರಿ ಹಾರಲು ನಾಲ್ಕು ತಿಂಗಳ ಹತ್ತಿರ. ಭೇಟಿಯ ದಿನಾಂಕಗಳನ್ನು ಇದರ ಮೇಲೆ ಲೆಕ್ಕ ಹಾಕಿ. ಬೆಳಗ್ಗೆ, ಹಕ್ಕಿಗಳನ್ನು ಮೇಲೆತ್ತುವ ಬಿಸಿಗಾಳಿ ನೆಲದಿಂದ ಏಳುವ ಮುಂಚೆ ಹೆಚ್ಚಿನ ಹಕ್ಕಿಗಳು ಬಂಡೆಯಲ್ಲೇ ಇರುತ್ತವೆ, ಆದರೆ ಬಂಡೆಗೆ ಎದುರು ಬೆಳಕಿದ್ದರೆ ಸಂಜೆ ಹೋಗಿ. ಒಂದೊಂದು ಗೂಡಿಗೂ ಸಾಕಷ್ಟು ಹೊತ್ತು ಕೊಡಿ. ಕಾವು ಕೂತ ಹಕ್ಕಿ ಗಂಟೆಗಟ್ಟಲೆ ಏಳುವುದಿಲ್ಲ, ಅದರ ಕೆಳಗೆ ಏನಿದೆ ಎಂದು ಆ ಹೊತ್ತಿನಲ್ಲಿ ತಿಳಿಯುವುದೂ ಇಲ್ಲ.

ಇನ್ನು ಪದಗಳ ವಿಷಯ. ಇಲ್ಲಿ ಸಡಿಲ ಬಿಟ್ಟರೆ ಒಂದು ತಂಡದ ಅಂಕಿ ಇನ್ನೊಂದಕ್ಕೆ ಹೊಂದುವುದೇ ಇಲ್ಲ. ‘ನೆಲೆ ಹಿಡಿದ ಜೋಡಿ’ ಎಂದರೆ ಗೂಡಿನಲ್ಲಿ ಜೊತೆಯಾಗಿ ಕಂಡದ್ದು, ಕಡ್ಡಿ ತಂದದ್ದು ಅಥವಾ ಕೂಡಿದ್ದು. ‘ಮೊಟ್ಟೆ ಇಟ್ಟ ಜೋಡಿ’ ಎಂದರೆ ಮೊಟ್ಟೆ, ಮರಿ ಅಥವಾ ಕಾವು ಕೂತ ಹಕ್ಕಿ ಕಂಡದ್ದು. ‘ಮರಿ ಹಾರಿಸಿದ ಜೋಡಿ’ ಎಂದರೆ ಹಾರುವ ವಯಸ್ಸಿನ ನೂರಕ್ಕೆ 80 ಭಾಗವಾದರೂ ದಾಟಿದ ಮರಿ ಗೂಡಿನಲ್ಲಿ ಕಂಡದ್ದು. ಉದಾಹರಣೆಗೆ 40 ಜೋಡಿ ನೆಲೆ ಹಿಡಿದವು, 30 ಮೊಟ್ಟೆ ಇಟ್ಟವು, 21 ಮರಿ ಹಾರಿಸಿದವು. ನೆಲೆ ಹಿಡಿದ ಜೋಡಿಗೆ ಮರಿಯ ಲೆಕ್ಕ 0.53. ಮೊಟ್ಟೆ ಇಟ್ಟ ಜೋಡಿಗೆ 0.70. ಎರಡೂ ಸರಿ, ಆದರೆ ಹೇಳುವ ವಿಷಯ ಬೇರೆ. ವರದಿಯಲ್ಲಿ ಎರಡನ್ನೂ ಕೊಡಿ.

ಇನ್ನೊಂದು ಬಲೆ ಇದೆ. ಬೇಗ ಹಾಳಾದ ಗೂಡುಗಳು ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ತಡವಾಗಿ ಹುಡುಕಲು ಹೋದರೆ ಉಳಿದುಕೊಂಡ ಗೂಡುಗಳೇ ಸಿಗುತ್ತವೆ, ಯಶಸ್ಸು ಜಾಸ್ತಿ ಕಾಣುತ್ತದೆ. ಇದನ್ನು ಸರಿಪಡಿಸಲು ಅಮೆರಿಕದ ಪಕ್ಷಿ ಅಧ್ಯಯನಕಾರ ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ಸರಳವಾದ ದಾರಿ ತೋರಿಸಿದರು. ಗೂಡುಗಳನ್ನಲ್ಲ, ಗೂಡು ನಿಮ್ಮ ಕಣ್ಣಿನಡಿ ಇದ್ದ ದಿನಗಳನ್ನು ಎಣಿಸಿ. 21 ಗೂಡುಗಳನ್ನು ಒಟ್ಟು 1,800 ಗೂಡು-ದಿನ ನೋಡಿದಿರಿ, 6 ಹಾಳಾದವು ಎನ್ನಿ. ಬರಿಗಣ್ಣಿನ ಲೆಕ್ಕದಲ್ಲಿ ಯಶಸ್ಸು ನೂರಕ್ಕೆ 71. ಮೇಫೀಲ್ಡ್ ಲೆಕ್ಕದಲ್ಲಿ ಒಂದು ದಿನ ಉಳಿಯುವ ಸಾಧ್ಯತೆ 1 ಕಳೆ 6/1,800, ಅಂದರೆ 0.9967. ಮೊಟ್ಟೆಯಿಂದ ಹಾರುವವರೆಗಿನ 170 ದಿನಕ್ಕೆ ಇದನ್ನು ಗುಣಿಸುತ್ತಾ ಹೋದರೆ ಸಿಗುವುದು ನೂರಕ್ಕೆ 57. ಎಷ್ಟು ವ್ಯತ್ಯಾಸ ನೋಡಿ. ಈಗ ಇದನ್ನು ಮಾಡುವ ಉಚಿತ ತಂತ್ರಾಂಶಗಳಿವೆ. ಆದರೆ ಗೂಡು ಮೊದಲು ಕಂಡ ದಿನಾಂಕ ನಿಮ್ಮ ಪುಸ್ತಕದಲ್ಲಿ ಇಲ್ಲದಿದ್ದರೆ ಯಾವ ತಂತ್ರಾಂಶವೂ ಏನೂ ಮಾಡಲಾರದು.

ಡ್ರೋನ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸ್ಕೋಪ್‌ಗೆ ಕಾಣದ ಗೂಡು ನೋಡಲು ಅದು ನಿಜವಾಗಿಯೂ ಉಪಯೋಗಕ್ಕೆ ಬರುತ್ತದೆ. ಆದರೆ ಅನುಮತಿ ಬೇಕು, ದೂರ ಇರಬೇಕು, ಹಕ್ಕಿ ತಲೆ ಎತ್ತಿ ನೋಡಿದರೆ ವಾಪಸ್ ತರಬೇಕು. ಸ್ಕೋಪ್‌ನಲ್ಲಿ ಆಗುವ ಕೆಲಸಕ್ಕೆ ಡ್ರೋನ್ ಹಾರಿಸಬೇಡಿ.

ಹೆಜ್ಜೆ 4: ರಸ್ತೆ ಸಮೀಕ್ಷೆ

ಬಂಡೆಯಲ್ಲಿ ಗುಂಪಾಗಿರದೆ ವಿಶಾಲ ಬಯಲಿನಲ್ಲಿ ಹರಡಿಕೊಂಡಿರುವ ಹಕ್ಕಿಗಳಿಗೆ ಇದು ಒಳ್ಳೆಯ ವಿಧಾನ. ನಿಗದಿತ ರಸ್ತೆಯಲ್ಲಿ ಗಂಟೆಗೆ 30–40 ಕಿಲೋಮೀಟರ್ ವೇಗದಲ್ಲಿ ಹೋಗಿ. ಓಡಿಸುವವರು ಓಡಿಸಲಿ, ನೋಡುವುದಕ್ಕೆ ಬೇರೆ ಇಬ್ಬರಿರಲಿ. ಬಿಸಿಗಾಳಿ ಎದ್ದು ಹಕ್ಕಿಗಳು ಮೇಲೇರಿದ ಮೇಲೆ ಶುರು ಮಾಡಿ. ಫಲಿತಾಂಶವನ್ನು 100 ಕಿಲೋಮೀಟರ್‌ಗೆ ಎಷ್ಟು ಹಕ್ಕಿ ಎಂದು ಬರೆಯಿರಿ. ರಸ್ತೆಯಿಂದ ಹಕ್ಕಿಗೆ ಇರುವ ಅಡ್ಡ ದೂರವನ್ನೂ ಅಳೆದರೆ, ದೂರ ಹೆಚ್ಚಾದಂತೆ ಎಷ್ಟು ಹಕ್ಕಿ ತಪ್ಪಿಹೋಗುತ್ತವೆ ಎಂದು ಅಂದಾಜು ಮಾಡಿ ಸಾಂದ್ರತೆ ಹೇಳಬಹುದು. ಅದಕ್ಕೆ ಕನಿಷ್ಠ 60–80 ಬಾರಿಯಾದರೂ ಹಕ್ಕಿ ಕಂಡಿರಬೇಕು. ಅಪರೂಪದ ಜಾತಿಗೆ ಅಷ್ಟು ಸಿಗುವುದು ಕಷ್ಟ.

ಈ ವಿಧಾನದ ಶಕ್ತಿ ಇರುವುದು ಪುನರಾವರ್ತನೆಯಲ್ಲಿ. ಭಾರತದಲ್ಲಿ 1990ರ ದಶಕದ ಆರಂಭದಲ್ಲಿ ಸಮೀಕ್ಷೆ ಮಾಡಿದ ರಸ್ತೆಗಳಲ್ಲೇ ವಿಭು ಪ್ರಕಾಶ್ ಮತ್ತು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಂಗಡಿಗರು 2000ದಿಂದ ಮತ್ತೆ ಮತ್ತೆ ಓಡಾಡಿದರು. ಹಾಗಾಗಿಯೇ 1992ರಿಂದ 2007ರ ನಡುವೆ ಬಿಳಿಬೆನ್ನಿನ ರಣಹದ್ದು ನೂರಕ್ಕೆ 99.9ರಷ್ಟು, ಉದ್ದಕೊಕ್ಕಿನ ಮತ್ತು ತೆಳುಕೊಕ್ಕಿನ ರಣಹದ್ದುಗಳು ಒಟ್ಟಾಗಿ ನೂರಕ್ಕೆ ಸುಮಾರು 97ರಷ್ಟು ಕುಸಿದದ್ದು ಜಗತ್ತಿಗೆ ಗೊತ್ತಾಯಿತು. ಹಳೆಯ ರಸ್ತೆ, ಹಳೆಯ ಪದ್ಧತಿ ಉಳಿಸಿಕೊಂಡದ್ದೇ ಇದಕ್ಕೆ ಆಧಾರ. ‘ಆಗ ತುಂಬಾ ಇದ್ದವು’ ಎಂಬ ನೆನಪು ಯಾರನ್ನೂ ಒಪ್ಪಿಸುತ್ತಿರಲಿಲ್ಲ. ಇನ್ನೂ ಒಳ್ಳೆಯ ರಸ್ತೆ ಸಿಕ್ಕಿತು ಎಂದು ದಯವಿಟ್ಟು ಹಳೆಯದನ್ನು ಬಿಡಬೇಡಿ. ಹೊಸದು ಬೇಕಿದ್ದರೆ ಹಳೆಯದರ ಜೊತೆಗೆ ಸೇರಿಸಿ.

ಹೆಜ್ಜೆ 5: ತಂಗುದಾಣ ಮತ್ತು ಶವದ ಬಳಿಯ ಎಣಿಕೆ

ಸಂಜೆ ತಂಗುದಾಣಕ್ಕೆ ಬರುವ ಹಕ್ಕಿಗಳನ್ನು ಎಣಿಸುವುದು ಸುಲಭ. ಸುಲಭ ಎಂದೇ ಜನ ಇದನ್ನು ಅತಿಯಾಗಿ ನಂಬುತ್ತಾರೆ. ಇವತ್ತು ಇಲ್ಲಿದ್ದ ಗುಂಪು ನಾಳೆ ಬೇರೆ ಬೆಟ್ಟದಲ್ಲಿರಬಹುದು. ಹಾಗಾಗಿ ಗೊತ್ತಿರುವ ಎಲ್ಲ ತಂಗುದಾಣಗಳಲ್ಲೂ ಒಂದೇ ಸಂಜೆ, ಒಂದೇ ಹೊತ್ತಿಗೆ ಎಣಿಸಬೇಕು. ಆಲ್ಪ್ಸ್ ಪರ್ವತಗಳಲ್ಲಿ ಗಡ್ಡದ ರಣಹದ್ದಿಗಾಗಿ ಹಲವು ದೇಶಗಳ ವೀಕ್ಷಕರು ಅಕ್ಟೋಬರ್‌ನಲ್ಲಿ ಹೀಗೆ ಒಟ್ಟಿಗೆ ಕೂರುತ್ತಾರೆ. ಎಲ್ಲರ ಗಡಿಯಾರವೂ ಒಂದೇ ಸಮಯ ತೋರಿಸಲಿ. ಹಾರಿದ ದಿಕ್ಕು ಮತ್ತು ನಿಮಿಷವನ್ನು ಬರೆದರೆ, ಒಂದೇ ಹಕ್ಕಿಯನ್ನು ಎರಡು ಕಡೆ ಎಣಿಸಿದ್ದನ್ನು ಆಮೇಲೆ ಕಳೆಯಬಹುದು.

ಶವದ ಬಳಿ ಎಣಿಸಿದ್ದು ಒಟ್ಟು ಸಂಖ್ಯೆಗೆ ಬಾರದು. ವಯಸ್ಸಿನ ಪಾಲು ತಿಳಿಯಲು, ರೆಕ್ಕೆಯ ಗುರುತು ಓದಲು ಮಾತ್ರ ಅದನ್ನು ಬಳಸಿ.

ಹೆಜ್ಜೆ 6: ಒಂದೊಂದನ್ನೂ ಗುರುತಿಸುವುದು

ಇಲ್ಲಿಂದ ಕೆಲಸ ಆಳಕ್ಕೆ ಇಳಿಯುತ್ತದೆ. ಒಂದು ಹಕ್ಕಿಯನ್ನು ಗುರುತಿಸಿ ವರ್ಷಗಟ್ಟಲೆ ಹಿಂಬಾಲಿಸಿದರೆ ಮಾತ್ರ ಸಾವಿನ ಪ್ರಮಾಣ ತಿಳಿಯುತ್ತದೆ.

ಎಲ್ಲಕ್ಕಿಂತ ಮೃದುವಾದ ದಾರಿ ಫೋಟೋ. ದೊಡ್ಡ ಹಕ್ಕಿಗಳ ರೆಕ್ಕೆಗರಿಗಳು ನಿಧಾನವಾಗಿ, ಒಂದೊಂದಾಗಿ ಉದುರಿ ಹುಟ್ಟುತ್ತವೆ. ಯಾವ ಗರಿ ಇಲ್ಲ, ಯಾವುದು ಅರ್ಧ ಬೆಳೆದಿದೆ, ಯಾವುದು ಮುರಿದಿದೆ ಎನ್ನುವುದು ಒಂದೊಂದು ಹಕ್ಕಿಗೂ ಬೇರೆ. 1982–83ರಲ್ಲಿ ನೋಯೆಲ್ ಸ್ನೈಡರ್ ಮತ್ತು ಎರಿಕ್ ಜಾನ್ಸನ್ ಹೀಗೆ ಹಾರುವ ಕಾಂಡೋರ್‌ಗಳ ಫೋಟೋಗಳನ್ನು ಹೋಲಿಸಿ ಕ್ಯಾಲಿಫೋರ್ನಿಯಾದಲ್ಲಿ ಉಳಿದಿದ್ದ ಹಕ್ಕಿಗಳನ್ನು ಲೆಕ್ಕ ಹಾಕಿದರು. ಆಗ ಇಡೀ ಜಾತಿಯಲ್ಲಿ ಉಳಿದದ್ದು ಇಪ್ಪತ್ತರ ಆಸುಪಾಸು. 1987ರಲ್ಲಿ ಕಾಡಿನ ಕೊನೆಯ ಹಕ್ಕಿಯನ್ನೂ ಹಿಡಿದು ತಂದರು, 1992ರಿಂದ ಮತ್ತೆ ಬಿಡಲು ಶುರು ಮಾಡಿದರು. ನೀವು ಫೋಟೋ ತೆಗೆಯುವಾಗ ಎರಡೂ ರೆಕ್ಕೆ ಪೂರ್ತಿ ಬಿಚ್ಚಿದ, ಕೆಳಗಿನಿಂದ ತೆಗೆದ ಚಿತ್ರ ಬೇಕು. ಗರಿ ಬದಲಾಗುತ್ತಿರುವುದರಿಂದ ಕೆಲವು ವಾರಕ್ಕೊಮ್ಮೆ ಹೊಸ ಚಿತ್ರ ತೆಗೆಯುತ್ತಿರಬೇಕು.

ಶಾಶ್ವತ ಗುರುತಿಗೆ ಕಾಲುಂಗುರ ಅಥವಾ ರೆಕ್ಕೆಪಟ್ಟಿ (ರೆಕ್ಕೆಗೆ ಸಿಕ್ಕಿಸುವ ಗುರುತಿನ ಬಿಲ್ಲೆ) ಬಳಸುತ್ತಾರೆ. ಉಂಗುರ ಹಗುರ, ಆದರೆ ಕೂತ ಹಕ್ಕಿಯಲ್ಲಿ ಮಾತ್ರ ಓದಬಹುದು. ರೆಕ್ಕೆಪಟ್ಟಿಯನ್ನು ಹಾರುವಾಗಲೂ ಓದಬಹುದು, ಆದರೆ ಅದಕ್ಕೆ ಬೆಲೆ ಇದೆ. ಆಫ್ರಿಕಾದ ಕೇಪ್ ರಣಹದ್ದುಗಳ ಮೇಲೆ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೆಕ್ಕೆಪಟ್ಟಿ ಹಾಕಿದ ಹಕ್ಕಿಗಳು ಕಾಲುಂಗುರದವುಗಳಿಗಿಂತ ಕಡಿಮೆ ಹಾರಿದವು, ನಿಧಾನವಾಗಿ ಹಾರಿದವು. ಹಾಗಾಗಿ ಉಂಗುರದಲ್ಲಿ ಕೆಲಸ ಆಗುತ್ತದೆ ಎಂದರೆ ಉಂಗುರವನ್ನೇ ಹಾಕಿ. ಆಲ್ಪ್ಸ್‌ನಲ್ಲಿ ಬಿಡುವ ಗಡ್ಡದ ರಣಹದ್ದಿನ ಮರಿಗಳಿಗೆ ಕೆಲವು ಗರಿಗಳ ಬಣ್ಣ ತೆಗೆದು ಬಿಳುಪಾಗಿಸುತ್ತಾರೆ. ಎರಡು ಮೂರು ವರ್ಷದಲ್ಲಿ ಗರಿ ಉದುರಿದಾಗ ಗುರುತೂ ಹೋಗುತ್ತದೆ. ಹಿಡಿಯುವ, ಗುರುತು ಹಾಕುವ ಕೆಲಸ ತರಬೇತಿ ಇದ್ದವರದ್ದು ಮಾತ್ರ.

ಗುರುತಿದ್ದರೆ ಕಾಣದ ಹಕ್ಕಿಗಳನ್ನೂ ಅಂದಾಜು ಮಾಡಬಹುದು. ಮೊದಲ ಸುತ್ತಿನಲ್ಲಿ 24 ಹಕ್ಕಿಗಳನ್ನು ಗುರುತಿಸಿದಿರಿ. ಎರಡನೇ ಸುತ್ತಿನಲ್ಲಿ 20. ಅವುಗಳಲ್ಲಿ 14 ಮೊದಲೂ ಕಂಡವು. ಸೂತ್ರ ಸರಳ: 24ಕ್ಕೆ ಒಂದು ಸೇರಿಸಿ 25, 20ಕ್ಕೆ ಒಂದು ಸೇರಿಸಿ 21, ಎರಡನ್ನೂ ಗುಣಿಸಿ. 14ಕ್ಕೆ ಒಂದು ಸೇರಿಸಿ 15ರಿಂದ ಭಾಗಿಸಿ, ಒಂದು ಕಳೆಯಿರಿ. ಬರುವುದು 34. ನೀವು ಕಣ್ಣಾರೆ ಕಂಡದ್ದು 30. ಉಳಿದ ನಾಲ್ಕು ಎಲ್ಲೋ ಇವೆ. ಎರಡು ಸುತ್ತಿನ ನಡುವೆ ಹಕ್ಕಿಗಳು ಬಂದು ಹೋಗಿಲ್ಲ, ಸತ್ತಿಲ್ಲ ಎನ್ನುವುದು ಇದರ ಷರತ್ತು. ಆದ್ದರಿಂದ ಎರಡೂ ಸುತ್ತು ಹತ್ತಿರ ಹತ್ತಿರ ಇರಲಿ. ಇದನ್ನೇ ವರ್ಷದಿಂದ ವರ್ಷಕ್ಕೆ ಮುಂದುವರಿಸಿದರೆ ಕಾರ್ಮ್ಯಾಕ್–ಜಾಲಿ–ಸೆಬರ್ ಎಂಬ ಸಂಖ್ಯಾಶಾಸ್ತ್ರದ ಮಾದರಿಯಲ್ಲಿ ಬದುಕುಳಿಯುವ ಪ್ರಮಾಣ ಸಿಗುತ್ತದೆ. ಆದರೆ ಆ ಮಾದರಿಗೆ ಸತ್ತ ಹಕ್ಕಿಯೂ ಒಂದೇ, ಊರು ಬಿಟ್ಟು ಹೋದ ಹಕ್ಕಿಯೂ ಒಂದೇ. ಅದು ನೆನಪಿರಲಿ.

ಹಕ್ಕಿ ಮುಟ್ಟದೆ ಗುರುತಿಸಲು ಇನ್ನೊಂದು ದಾರಿ ಇದೆ. ತಂಗುದಾಣದ ಕೆಳಗೆ ಬಿದ್ದ ಗರಿಗಳಿಂದ ಡಿಎನ್‌ಎ ತೆಗೆಯಬಹುದು. ಕ್ಯಾಲಿಫೋರ್ನಿಯಾ ಕಾಂಡೋರ್‌ಗಳ ಡಿಎನ್‌ಎ ದಾಖಲೆಯನ್ನು ದಶಕಗಳಿಂದ ಕಾಪಾಡಿಕೊಂಡು ಬಂದದ್ದಕ್ಕೆ ಯಾರೂ ನಿರೀಕ್ಷಿಸದ ಫಲ ಸಿಕ್ಕಿತು. ತಂದೆಯೇ ಇಲ್ಲದೆ ಹುಟ್ಟಿದ ಎರಡು ಗಂಡು ಮರಿಗಳು ಅದರಲ್ಲಿ ಪತ್ತೆಯಾದವು. ಅದು ಪ್ರಕಟವಾದದ್ದು 2021ರಲ್ಲಿ.

ಹೆಜ್ಜೆ 7: ಜಿಪಿಎಸ್ ಸಾಧನ

ಸಾಧನ, ಅದನ್ನು ಕಟ್ಟುವ ಪಟ್ಟಿ ಎಲ್ಲ ಸೇರಿ ಹಕ್ಕಿಯ ತೂಕದ ನೂರಕ್ಕೆ 3ನ್ನು ಮೀರಬಾರದು. 8 ಕಿಲೋ ಹಕ್ಕಿಗೆ ಅದು 240 ಗ್ರಾಂ. ಅದಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಹಕ್ಕಿ ಎಲ್ಲಿ ಹೋಯಿತು ಎನ್ನುವ ಬಣ್ಣದ ನಕ್ಷೆ ಎಲ್ಲರಿಗೂ ಇಷ್ಟ. ನನ್ನ ಮಟ್ಟಿಗೆ ಇದರ ನಿಜವಾದ ಉಪಯೋಗ ಎರಡು. ನಿಮ್ಮ ಗಣತಿಯ ಗಡಿಯಾಚೆ ಇರುವ ತಂಗುದಾಣಗಳು ಸಿಗುತ್ತವೆ. ಸಾವು ಅದೇ ದಿನ ಗೊತ್ತಾಗುತ್ತದೆ. ಸಾಧನದಲ್ಲಿ ಚಲನೆ ಅಳೆಯುವ ಭಾಗ ಇದ್ದು, ಹಕ್ಕಿ ಗಂಟೆಗಟ್ಟಲೆ ಅಲುಗದೆ ಒಂದೇ ಕಡೆ ಇದ್ದರೆ ನಿಮಗೆ ಸಂದೇಶ ಬರುವಂತೆ ಮಾಡಿಕೊಳ್ಳಿ. ಸಂದೇಶ ಬಂದ ಕೂಡಲೇ ಹೊರಡುವವರು ಯಾರು ಎಂದು ಮೊದಲೇ ಗೊತ್ತುಮಾಡಿ. ಹೊರಡಲು ಯಾರೂ ಇಲ್ಲದಿದ್ದರೆ ಸುಮ್ನೆ ಹಕ್ಕಿಯ ಬೆನ್ನಿಗೆ ಭಾರ ಹಾಕಬೇಡಿ.

ಹೆಜ್ಜೆ 8: ಸಾವಿನ ಲೆಕ್ಕ, ಸಾವಿನ ಕಾರಣ

ಸತ್ತ ಹಕ್ಕಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ಕಾರ್ಬೋಫ್ಯೂರಾನ್‌ನಂಥ ಕೀಟನಾಶಕ ಹಾಕಿದ ಮಾಂಸ ತಿಂದು ಸತ್ತಿದ್ದರೆ ಅದು ನಿಮ್ಮ ಜೀವಕ್ಕೂ ಅಪಾಯ. ಮೊದಲು ಫೋಟೋ, ಜಾಗದ ಗುರುತು, ಸುತ್ತ ಏನಿದೆ ಎಂಬ ಟಿಪ್ಪಣಿ. ಆಮೇಲೆ ವನ್ಯಜೀವಿ ಅಧಿಕಾರಿಗಳಿಗೆ ಮತ್ತು ಪಶುವೈದ್ಯರಿಗೆ ಕರೆ. ಅವರ ಮೂಲಕವೇ ಯಕೃತ್ತು, ಮೂತ್ರಪಿಂಡದ ಮಾದರಿಗಳು ಹೆಪ್ಪುಗಟ್ಟಿಸಿದ ಸ್ಥಿತಿಯಲ್ಲಿ ಪ್ರಯೋಗಾಲಯ ಸೇರಬೇಕು. ಯಾರ ಕೈಯಿಂದ ಯಾರ ಕೈಗೆ ಹೋಯಿತು ಎನ್ನುವುದು ಬರಹದಲ್ಲಿರಬೇಕು. ಪ್ರಕರಣ ನ್ಯಾಯಾಲಯಕ್ಕೆ ಹೋದರೆ ಆ ಕಾಗದವೇ ಸಾಕ್ಷಿ.

ಒಂದು ವಿಷಪ್ರಾಶನ ವರ್ಷಗಳ ಮರಿಗಳನ್ನು ನುಂಗಿಬಿಡುತ್ತದೆ. 2019ರಲ್ಲಿ ಬೋಟ್ಸ್ವಾನಾದಲ್ಲಿ ಕಳ್ಳಬೇಟೆಗಾರರು ಕೊಂದ ಮೂರು ಆನೆಗಳ ಶವಕ್ಕೆ ವಿಷ ಹಾಕಿದ್ದರಿಂದ 537 ರಣಹದ್ದುಗಳು ಸತ್ತವು. ಅಲ್ಲಿ ವರ್ಷಕ್ಕೊಮ್ಮೆ ಗೂಡು ನೋಡುವವರಿಗೆ ಮುಂದಿನ ಹಂಗಾಮಿನಲ್ಲಿ ಖಾಲಿ ಗೂಡುಗಳು ಕಾಣುತ್ತವೆ, ಕಾರಣ ಕಾಣುವುದಿಲ್ಲ.

ದಕ್ಷಿಣ ಏಷ್ಯಾದ ಕುಸಿತದಲ್ಲೂ ಉತ್ತರ ಸಿಕ್ಕಿದ್ದು ಸತ್ತ ಹಕ್ಕಿಗಳಿಂದಲೇ. ಅವುಗಳ ಒಳಾಂಗಗಳ ಮೇಲೆ ಸುಣ್ಣ ಬಳಿದಂತೆ ಯೂರಿಕ್ ಆಮ್ಲ ಕೂತಿತ್ತು. ಮೂತ್ರಪಿಂಡ ಕೆಟ್ಟಿತ್ತು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧವೇ ಕಾರಣ ಎಂದು ಪಾಕಿಸ್ತಾನದಲ್ಲಿ ನಡೆದ ಸಂಶೋಧನೆ 2004ರಲ್ಲಿ ತೋರಿಸಿತು. 2006ರಲ್ಲಿ ಭಾರತ, ನೇಪಾಳ, ಪಾಕಿಸ್ತಾನ ಪಶುಗಳಿಗೆ ಅದನ್ನು ನಿಷೇಧಿಸಿದವು. ಜಾನುವಾರು ಶವಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ವಿಷಮಯವಾಗಿದ್ದರೂ ಅಂಥ ಕುಸಿತಕ್ಕೆ ಸಾಕು ಎಂದು ಲೆಕ್ಕ ಹೇಳಿತು. ಭಾರತದಲ್ಲಿ 2004–05ರಲ್ಲಿ ಪರೀಕ್ಷಿಸಿದ ಯಕೃತ್ತುಗಳಲ್ಲಿ ನೂರಕ್ಕೆ ಸುಮಾರು 10ರಲ್ಲಿ ಆ ಔಷಧ ಇತ್ತು. ಹಾಗಾಗಿ ಹಕ್ಕಿಗಳ ಜೊತೆ ಅವು ತಿನ್ನುವುದರ ಮೇಲೂ ಕಣ್ಣಿಡಿ. ಜಾನುವಾರು ಶವಗಳ ಯಕೃತ್ತಿನ ಮಾದರಿ, ಔಷಧ ಅಂಗಡಿಗಳಲ್ಲಿ ಏನು ಮಾರಾಟವಾಗುತ್ತಿದೆ ಎಂಬ ಸಮೀಕ್ಷೆ ಎರಡೂ ಈ ಕೆಲಸದ ಭಾಗ. ಬೇಟೆ ಜಾಸ್ತಿ ಇರುವ ಕಡೆ, ಶವದಲ್ಲಿ ಉಳಿದು ಹಕ್ಕಿಯ ಹೊಟ್ಟೆ ಸೇರುವ ಸೀಸದ ಗುಂಡಿನ ಚೂರು ದೊಡ್ಡ ಶತ್ರು. ಕಾಂಡೋರ್‌ಗಳನ್ನು ಆಗಾಗ ಹಿಡಿದು ರಕ್ತದಲ್ಲಿನ ಸೀಸ ಪರೀಕ್ಷಿಸುವುದು ಅದಕ್ಕೇ.

ಹೆಜ್ಜೆ 9: ದಾಖಲೆ

ಪ್ರತಿ ಭೇಟಿಗೂ ದಿನಾಂಕ, ಶುರು ಮತ್ತು ಮುಗಿದ ಸಮಯ, ವೀಕ್ಷಕರ ಹೆಸರು, ಹವೆ, ಉಪಕರಣ, ನೋಡಿದ ಜಾಗ ಬರೆಯಿರಿ. ಏನೂ ಕಾಣದ ದಿನವನ್ನೂ ಬರೆಯಿರಿ. ಸೊನ್ನೆ ಕೂಡ ಒಂದು ಅಂಕಿ. ಹೋಗದ ದಿನ ಮತ್ತು ಹೋಗಿ ಏನೂ ಕಾಣದ ದಿನ ಪುಸ್ತಕದಲ್ಲಿ ಒಂದೇ ರೀತಿ ಕಾಣಬಾರದು. ವೀಕ್ಷಕರು ಬದಲಾಗುವಾಗ ಹಳಬರು ಹೊಸಬರು ಒಂದು ಹಂಗಾಮು ಜೊತೆಯಾಗಿ, ಆದರೆ ಬೇರೆ ಬೇರೆಯಾಗಿ ಎಣಿಸಲಿ. ಇಬ್ಬರ ನಡುವಿನ ವ್ಯತ್ಯಾಸ ಎಷ್ಟು ಎಂದು ಆಗ ಗೊತ್ತಾಗುತ್ತದೆ.

ಮೂರು ನಾಲ್ಕು ವರ್ಷದ ಅಂಕಿ ನೋಡಿ ತೀರ್ಪು ಹೇಳಬೇಡಿ. ಎಣಿಕೆ ವರ್ಷದಿಂದ ವರ್ಷಕ್ಕೆ ಹವೆಯಿಂದಲೇ ಅಷ್ಟಿಷ್ಟು ಏರಿಳಿಯುತ್ತದೆ. ವರ್ಷಕ್ಕೆ ನೂರಕ್ಕೆ ಐದರ ಇಳಿಕೆ ಅದರೊಳಗೆ ಮುಚ್ಚಿಹೋಗುತ್ತದೆ. ಆದರೆ ಬೆಳೆದ ಹಕ್ಕಿಗಳ ಸಾವು ಏರಿದ್ದು ಗೊತ್ತಾದರೆ ಹತ್ತು ವರ್ಷ ಕಾಯಬೇಡಿ, ಅಂದೇ ತಿಳಿಸಬೇಕಾದವರಿಗೆ ತಿಳಿಸಿ.

ಕೊನೆಗೆ, ಗೂಡುಗಳ ನಿಖರ ಜಾಗವನ್ನು ಅಂತರ್ಜಾಲಕ್ಕೆ ಹಾಕಬೇಡಿ. ಫೋಟೋದಲ್ಲಿ ಅಡಗಿರುವ ಜಿಪಿಎಸ್ ಗುರುತನ್ನೂ ಅಳಿಸಿ. ಸಾರ್ವಜನಿಕ ವರದಿಗೆ ಹತ್ತು ಕಿಲೋಮೀಟರ್ ಚೌಕದ ನಕ್ಷೆ ಸಾಕು. ಮೂಲ ದಾಖಲೆಯ ಎರಡು ಪ್ರತಿಗಳನ್ನು ಎರಡು ಬೇರೆ ಜಾಗದಲ್ಲಿಡಿ, ಒಂದು ಕಾಗದದಲ್ಲಿರಲಿ.